ಡೈನೋಸಾರ್ ಚಿತ್ರದ ಬೆಳ್ಳಿ ಬಿಲ್ಲೆಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದಲ್ಲಿದ್ದಾಗ ಹತ್ತಿದ ಹುಚ್ಚು ಇದು. ಮೈಸೂರಿಗೆ ವಾಪಸ್ ಬಂದ ಮೇಲೂ ಬಿಟ್ಟಿಲ್ಲ. ಮೇಜಿನ ಖಾನೆಯಲ್ಲಿ ಒಂದು ಡಬ್ಬಿ ಇದೆ. ಅದರೊಳಗೆ ಗುಂಡನೆಯ ಬೆಳ್ಳಿ ತುಂಡುಗಳು, ಒಂದೊಂದರ ಮೇಲೂ ಒಂದೊಂದು ಡೈನೋಸಾರ್. ಅಂಗಡಿಯವರು ಇದಕ್ಕೆ 'ಸಿಲ್ವರ್ ರೌಂಡ್' ಅನ್ನುತ್ತಾರೆ. ನಾನು ಬಿಲ್ಲೆ ಅನ್ನುತ್ತೇನೆ. ನೋಡಿದವರು ಕೇಳುವುದು ಹೆಚ್ಚು ಕಡಿಮೆ ಅವೇ ಪ್ರಶ್ನೆಗಳು. ಅವನ್ನೆಲ್ಲ ಅವರವರ ಮಾತಿನಲ್ಲೇ ಇಲ್ಲಿ ಜೋಡಿಸಿದ್ದೇನೆ.

## ಶುರುವಿನ ಪ್ರಶ್ನೆಗಳು

ಇದು ಯಾವ ದೇಶದ ನಾಣ್ಯ?

ಯಾವ ದೇಶದ್ದೂ ಅಲ್ಲ, ಯಾಕೆಂದರೆ ಇದು ನಾಣ್ಯವೇ ಅಲ್ಲ. ನಾಣ್ಯ ಅಂದರೆ ಸರ್ಕಾರದ ಹೆಸರಲ್ಲಿ ಹೊರಬರಬೇಕು, ಅದರ ಮೇಲೆ ಇಷ್ಟು ರೂಪಾಯಿ, ಇಷ್ಟು ಡಾಲರ್ ಅಂತ ಬೆಲೆ ಇರಬೇಕು. ಅಮೆರಿಕ ಸರ್ಕಾರ 1986ರಿಂದ ಹೊರತರುತ್ತಿರುವ 'ಸಿಲ್ವರ್ ಈಗಲ್' ನಾಣ್ಯ. ಅದರ ಮೇಲೆ ಒಂದು ಡಾಲರ್ ಅಂತ ಬರೆದಿದೆ. ನಮ್ಮ ಬಿಲ್ಲೆಯ ಮೇಲೆ ಇರುವುದು ತೂಕ ಮತ್ತು ಶುದ್ಧತೆ ಮಾತ್ರ. ಖಾಸಗಿ ಟಂಕಸಾಲೆಯವರು ಮಾಡಿದ್ದು.

ನಿಮಗೆ ಇದು ಹೊಸದಲ್ಲ. ದೀಪಾವಳಿಗೆ ಚಿನಿವಾರರ ಅಂಗಡಿಯಲ್ಲಿ ಲಕ್ಷ್ಮಿ ಇರುವ ಬೆಳ್ಳಿ ನಾಣ್ಯ ತರುತ್ತೀರಲ್ಲ, ಅದೂ ಲೆಕ್ಕದಲ್ಲಿ ರೌಂಡೇ. ಅಜ್ಜಿಯ ಪೆಟ್ಟಿಗೆಯಲ್ಲಿರುವ ವಿಕ್ಟೋರಿಯಾ ರಾಣಿ ರೂಪಾಯಿ ಮಾತ್ರ ನಿಜವಾದ ನಾಣ್ಯ. ಲಕ್ಷ್ಮಿಯ ಜಾಗದಲ್ಲಿ ಟೈರನೋಸಾರಸ್ ಬಂದು ಕೂತಿದೆ ಅಂದುಕೊಳ್ಳಿ, ಅಷ್ಟೇ ವ್ಯತ್ಯಾಸ.

ಬೆಳ್ಳಿ ಮೇಲೆ ಹೋಗಿ ಹೋಗಿ ಡೈನೋಸಾರ್ ಯಾಕೆ?

ಡೈನೋಸಾರ್ ಅಂದರೆ ಕೊಳ್ಳುವವರು ಇದ್ದಾರೆ, ಅದಕ್ಕೆ. ಬೆಳ್ಳಿ ಎಲ್ಲರ ಹತ್ತಿರವೂ ಒಂದೇ. ಮಾರುವವನಿಗೆ ಬೇರೆಯಾಗಿ ಕಾಣಬೇಕಾದರೆ ಚಿತ್ರ ಬೇಕು. 1970ರ ದಶಕದಲ್ಲೇ ಅಮೆರಿಕದಲ್ಲಿ ಬೆಳ್ಳಿ ಪಟ್ಟಿಗಳ ಮೇಲೆ ಕಾರು, ರೈಲು, ಕ್ರಿಸ್‌ಮಸ್ ಗಿಡ ಎಲ್ಲ ಅಚ್ಚು ಹಾಕಿ ಮಾರುತ್ತಿದ್ದರು. ಡೈನೋಸಾರ್ ಅದೇ ಸಾಲಿನಲ್ಲಿ ಬಂದದ್ದು.

ಅಲ್ಲದೆ ಆ ದೇಶಕ್ಕೆ ಡೈನೋಸಾರ್ ಮನೆಯ ಪ್ರಾಣಿಯ ಹಾಗೆ. ಟೈರನೋಸಾರಸ್ ರೆಕ್ಸ್‌ಗೆ ಆ ಹೆಸರು ಬಂದದ್ದು 1905ರಲ್ಲಿ, ಮೊಂಟಾನಾದಲ್ಲಿ ಬಾರ್ನಮ್ ಬ್ರೌನ್ ಅಗೆದು ತೆಗೆದ ಮೂಳೆಗಳಿಂದ. ಟ್ರೈಸೆರಾಟಾಪ್ಸ್‌ಗೆ 1889ರಲ್ಲೇ ಹೆಸರಿಟ್ಟಾಗಿತ್ತು. ಅಲ್ಲಿನ ಮಕ್ಕಳು ಶಾಲೆಯಿಂದ ಮ್ಯೂಸಿಯಂಗೆ ಹೋಗಿ ಇವನ್ನೆಲ್ಲ ನೋಡಿಕೊಂಡೇ ಬೆಳೆಯುತ್ತಾರೆ. ದೊಡ್ಡವರಾಗಿ ಕೈಯಲ್ಲಿ ನಾಲ್ಕು ಕಾಸು ಆಡಿದ ಮೇಲೆ ಬಿಲ್ಲೆ ಕೊಳ್ಳುತ್ತಾರೆ.

ಒಂದು ಔನ್ಸ್ ಅಂದ್ರೆ 28 ಗ್ರಾಂ ಅಲ್ವಾ? ನಿಮ್ಮದು 31 ತೂಗ್ತಿದೆ?

28.35 ಗ್ರಾಂ ಅನ್ನುವುದು ದಿನಸಿ ತೂಗುವ ಔನ್ಸ್. ಬೆಳ್ಳಿ ಬಂಗಾರಕ್ಕೆ ಟ್ರಾಯ್ ಔನ್ಸ್, ಅಂದರೆ 31.1 ಗ್ರಾಂ. ನಮ್ಮ ಹಳೆಯ 11.66 ಗ್ರಾಂ ತೊಲಕ್ಕೂ ಇದಕ್ಕೂ ಚೊಕ್ಕ ಲೆಕ್ಕ ಇದೆ: 8 ತೊಲ ಅಂದರೆ ಸರಿಯಾಗಿ 3 ಟ್ರಾಯ್ ಔನ್ಸ್. ಒಂದು ಕೆಜಿ ಬೆಳ್ಳಿಗೆ 32.15 ಔನ್ಸ್. ಪೇಪರಿನಲ್ಲಿ ಬರುವ ಕೆಜಿ ರೇಟನ್ನು ಇದರಿಂದ ಭಾಗಿಸಿದರೆ ನಿಮ್ಮ ಬಿಲ್ಲೆಯೊಳಗಿನ ಬೆಳ್ಳಿಯ ಬೆಲೆ ಸಿಗುತ್ತದೆ.

.999 ಅಂತ ಬರೆದಿದೆ. ನಮ್ಮನೆ ಬೆಳ್ಳಿ ಲೋಟಕ್ಕಿಂತ ಶುದ್ಧಾನಾ?

ಹೌದು. ಸಾವಿರದಲ್ಲಿ 999 ಭಾಗ ಬೆಳ್ಳಿ. ಲೋಟ, ತಟ್ಟೆ, ಕಾಲ್ಗೆಜ್ಜೆಗೆ ಅಷ್ಟು ಶುದ್ಧ ಬೆಳ್ಳಿ ಆಗಿಬರುವುದಿಲ್ಲ, ಬೇಗ ನೆಗ್ಗಿ ಹೋಗುತ್ತದೆ. ಅದಕ್ಕೇ ತಾಮ್ರ ಬೆರೆಸುತ್ತಾರೆ. 925 ಅಂತ ಮುದ್ರೆ ಇದ್ದರೆ ಸಾವಿರದಲ್ಲಿ 925 ಭಾಗ ಬೆಳ್ಳಿ. ಬಿಲ್ಲೆ ಬಳಸುವ ವಸ್ತುವಲ್ಲ, ಮೆತ್ತಗಿದ್ದರೂ ನಡೆಯುತ್ತದೆ. ಆದರೆ ಒಂದು ಸಲ ನೆಲಕ್ಕೆ ಬಿದ್ದರೆ ಡೈನೋಸಾರ್ ಮೂಗು ಚಪ್ಪಟೆ.

ಬೆಳ್ಳಿ ರೇಟಿಗಿಂತ ಜಾಸ್ತಿ ಯಾಕೆ ಕೊಡಬೇಕು?

ಆ ಕ್ಷಣಕ್ಕೆ ಮಾರುಕಟ್ಟೆಯಲ್ಲಿ ಕಚ್ಚಾ ಬೆಳ್ಳಿಗೆ ಇರುವ ರೇಟಿಗೆ ಸ್ಪಾಟ್ ಅನ್ನುತ್ತಾರೆ. ಅದರ ಮೇಲೆ ಕೊಡುವುದು ಪ್ರೀಮಿಯಂ. ನಮ್ಮಲ್ಲಿ ಮಜೂರಿ ಅನ್ನುತ್ತೀವಲ್ಲ, ಹೆಚ್ಚು ಕಡಿಮೆ ಅದೇ. ಅಚ್ಚು ಕೊರೆದವನ ಕೂಲಿ, ಯಂತ್ರದ ಖರ್ಚು, ಅಂಗಡಿಯವನ ಲಾಭ ಎಲ್ಲ ಅದರಲ್ಲಿ ಸೇರಿರುತ್ತದೆ.

ಲೆಕ್ಕಕ್ಕೆ ಸುಮ್ನೆ ಒಂದು ಸಂಖ್ಯೆ ಹಿಡಿಯೋಣ. ಸ್ಪಾಟ್ 30 ಡಾಲರ್, ಬಿಲ್ಲೆ 36 ಡಾಲರ್. ಪ್ರೀಮಿಯಂ 6 ಡಾಲರ್, ಶೇಕಡಾ 20. ಅದೇ ಅಂಗಡಿಯಲ್ಲಿ ಚಿತ್ರದ ಗೋಜಿಲ್ಲದ ಬೋಳು ಬಿಲ್ಲೆ 32ಕ್ಕೆ ಸಿಕ್ಕರೆ, ಡೈನೋಸಾರಿಗೆ ನೀವು ಕೊಟ್ಟದ್ದು 4 ಡಾಲರ್. ಕೊಳ್ಳುವ ಮುಂಚೆ ಈ ಲೆಕ್ಕ ಒಂದನ್ನು ಮಾಡಿಬಿಡಿ. 4 ಡಾಲರ್ ಕೊಡುವಷ್ಟು ಆ ಪ್ರಾಣಿ ಇಷ್ಟವಾಯಿತಾ? ಆಗಿದ್ದರೆ ತಗೊಳ್ಳಿ. ಆ 4 ಡಾಲರ್ ಖರ್ಚಾಯಿತು ಅಂತಲೇ ಬರೆದುಕೊಳ್ಳಿ, ಹೂಡಿಕೆ ಅಂತ ಅಲ್ಲ.

ಹೂಡಿಕೆ ಅಂತ ತಗೊಂಡ್ರೆ?

ಹಾಗಾದರೆ ಡೈನೋಸಾರ್ ಬಿಡಿ, ಬೋಳು ಬೆಳ್ಳಿ ತಗೊಳ್ಳಿ. ಅದೇ ದುಡ್ಡಿಗೆ ಬೆಳ್ಳಿ ಜಾಸ್ತಿ ಬರುತ್ತದೆ.

ಬೆಳ್ಳಿಯ ಬೆಲೆ ಬಾವಿಯ ಕೊಡದ ಹಾಗೆ, ಮೇಲೆ ಬಂದಷ್ಟೇ ಬೇಗ ಕೆಳಗೂ ಹೋಗುತ್ತದೆ. ಟೆಕ್ಸಾಸ್‌ನ ಹಂಟ್ ಸಹೋದರರು ಬೆಳ್ಳಿಯನ್ನು ಗುಡ್ಡೆ ಹಾಕುತ್ತಾ ಹೋದಾಗ, 1980ರ ಜನವರಿಯಲ್ಲಿ ಔನ್ಸ್ ಬೆಲೆ 50 ಡಾಲರ್ ಹತ್ತಿರ ಹೋಯಿತು. ಅದೇ ವರ್ಷ ಮಾರ್ಚ್ 27, ಗುರುವಾರ, 11 ಡಾಲರಿಗಿಂತ ಕೆಳಗೆ ಬಿತ್ತು. ಆವತ್ತಿಗೆ 'ಬೆಳ್ಳಿ ಗುರುವಾರ' ಅಂತಲೇ ಹೆಸರು. 2011ರ ಏಪ್ರಿಲ್‌ನಲ್ಲಿ ಮತ್ತೆ 50ರ ಬಾಗಿಲು ತಟ್ಟಿ ವಾಪಸ್ ಬಂತು. ದಾಟಿ ಹೋದದ್ದು 2025ರ ಅಕ್ಟೋಬರ್‌ನಲ್ಲಿ. ಅಂದರೆ 1980ರಲ್ಲಿ ತುದಿಯಲ್ಲಿ ಕೊಂಡವರು ಅಸಲು ನೋಡಲು 45 ವರ್ಷ ಕಾದರು. ಅಷ್ಟರಲ್ಲಿ ಡಾಲರೇ ಸವೆದು ಹೋಗಿತ್ತು, ಅದು ಬೇರೆ ಮಾತು.

## ಅಚ್ಚು ಮತ್ತು ಚಿತ್ರ

ಇಷ್ಟು ನಯವಾಗಿ ಹೇಗೆ ಮಾಡ್ತಾರೆ? ಎರಕ ಹೊಯ್ಯೋದಾ?

ಹೆಚ್ಚಿನವು ಎರಕ ಅಲ್ಲ, ಒತ್ತು. ಬೆಳ್ಳಿಯನ್ನು ಹಾಳೆಯ ಹಾಗೆ ತಟ್ಟಿ, ಗುಂಡಗೆ ಕತ್ತರಿಸಿ, ಅಂಚು ಎಬ್ಬಿಸಿ, ಕಾಯಿಸಿ ಮೆತ್ತಗೆ ಮಾಡುತ್ತಾರೆ. ಆಮೇಲೆ ಮೇಲೊಂದು ಕೆಳಗೊಂದು ಉಕ್ಕಿನ ಅಚ್ಚು. ಸುತ್ತ ಒಂದು ಉಂಗುರ. ಒಂದೇ ಒತ್ತಿಗೆ ಎರಡೂ ಮುಖ ಮೂಡುತ್ತವೆ. ಉಂಗುರದೊಳಗೆ ಗೀರು ಇದ್ದರೆ ಬಿಲ್ಲೆಯ ಅಂಚಿಗೂ ಗೀರು ಬೀಳುತ್ತದೆ. ಚಕ್ಕುಲಿ ಒರಳಿನ ಬಿಲ್ಲೆ ಬದಲಾಯಿಸಿದ ಹಾಗೆ ಅಚ್ಚು ಬದಲಾಯಿಸುತ್ತಾರೆ. ಅದಕ್ಕೇ ಒಂದೇ ಡೈನೋಸಾರ್ ಬೆಳ್ಳಿಯಲ್ಲೂ ಸಿಗುತ್ತದೆ, ತಾಮ್ರದಲ್ಲೂ ಸಿಗುತ್ತದೆ.

ಹೈ ರಿಲೀಫ್, ಆಂಟಿಕ್, ಪ್ರೂಫ್: ಇವೆಲ್ಲ ಏನು? ಬೇರೆ ಬೇರೆ ರೇಟ್ ಹೇಳ್ತಾರೆ.

ಮಾಮೂಲಿ ಬಿಲ್ಲೆಯಲ್ಲಿ ಚಿತ್ರ ಸ್ವಲ್ಪವೇ ಎದ್ದಿರುತ್ತದೆ. ಹೈ ರಿಲೀಫ್‌ನಲ್ಲಿ ತಲೆ, ಕೊಂಬು ಎಲ್ಲ ಉಬ್ಬಿ ನಿಲ್ಲುತ್ತದೆ, ಬೆರಳಾಡಿಸಿದರೆ ತಿಳಿಯುತ್ತದೆ. ಹಾಗೆ ಏಳಬೇಕಾದರೆ ಒಂದೇ ಬಿಲ್ಲೆಗೆ ಎರಡು ಮೂರು ಸಲ ಒತ್ತು ಕೊಡಬೇಕು. ಬಿಲ್ಲೆ ದಪ್ಪವೂ ಇರಬೇಕು. ಹೀಗಾಗಿ 2 ಔನ್ಸ್, 5 ಔನ್ಸ್ ತೂಕದಲ್ಲಿ ಹೈ ರಿಲೀಫ್ ಚೆನ್ನಾಗಿ ಬರುತ್ತದೆ.

ಆಂಟಿಕ್ ಅಂದರೆ ಹಳೆಯದು ಅಂತಲ್ಲ. ಗಂಧಕದ ರಾಸಾಯನಿಕ ಹಾಕಿ ಬೇಕೆಂತಲೇ ಕಪ್ಪು ಮಾಡಿ, ಎದ್ದ ಭಾಗವನ್ನಷ್ಟೇ ಉಜ್ಜಿ ಹೊಳಪು ತರುತ್ತಾರೆ. ಕಪ್ಪು ಚರ್ಮದ ಸುಕ್ಕಿನೊಳಗೆ ಉಳಿದುಕೊಳ್ಳುತ್ತದೆ. ಡೈನೋಸಾರಿಗೆ ಇದರಷ್ಟು ಒಪ್ಪುವ ಅಲಂಕಾರ ಇನ್ನೊಂದಿಲ್ಲ ಅಂತ ನನ್ನ ಅಭಿಪ್ರಾಯ. ಪ್ರೂಫ್ ಅಂದರೆ ಹಿನ್ನೆಲೆ ಕನ್ನಡಿ, ಚಿತ್ರ ಮಂಜು. ನೋಡೋಕೆ ಚಂದ, ಆದರೆ ಒಂದು ಬೆರಳು ತಾಗಿದರೆ ಕಥೆ ಮುಗಿಯಿತು. ಬಣ್ಣ ಹಾಕಿದವೂ ಬರುತ್ತವೆ. ನನಗೆ ಹಿಡಿಸುವುದಿಲ್ಲ.

ಡೈನೋಸಾರ್ ಸರಿಯಾಗಿ ಬಿಡಿಸಿದಾರಾ ಅಂತ ಹೇಗೆ ಗೊತ್ತಾಗುತ್ತೆ?

ನನಗೆ ಅತಿ ಇಷ್ಟದ ಪ್ರಶ್ನೆ. ಒಂದು ಭೂತಗನ್ನಡಿ ತಗೊಳ್ಳಿ. ಮೊದಲು ಟೈರನೋಸಾರಸ್‌ನ ಬೆರಳು ಎಣಿಸಿ. ಒಂದೊಂದು ಕೈಗೆ ಎರಡೇ ಇರಬೇಕು. ನನ್ನ ಡಬ್ಬಿಯಲ್ಲಿರುವ ಒಂದಕ್ಕೆ ಮೂರಿವೆ. ಕೊಂಡಾಗ ನೋಡಿರಲಿಲ್ಲ, ಪಕ್ಕದ ಮನೆಯ ಒಂಬತ್ತು ವರ್ಷದ ಹುಡುಗ ತೋರಿಸಿಕೊಟ್ಟ. ಆಮೇಲೆ ಅಂಗೈ ನೋಡಿ. ಪಿಯಾನೋ ಬಾರಿಸುವವರ ಹಾಗೆ ಅಂಗೈ ಕೆಳಮುಖವಾಗಿದ್ದರೆ ತಪ್ಪು. ಚಪ್ಪಾಳೆ ತಟ್ಟುವವರ ಹಾಗೆ ಎರಡೂ ಅಂಗೈ ಎದುರುಬದುರು ಇರಬೇಕು. ಬಾಲ ನೆಲಕ್ಕೆ ಎಳೆದುಕೊಂಡು ನೆಟ್ಟಗೆ ನಿಂತಿದ್ದರೆ ಅದು ನೂರು ವರ್ಷದ ಹಿಂದಿನ ಕಲ್ಪನೆ. ಈಗ ತಿಳಿದಿರುವ ಪ್ರಕಾರ ಬೆನ್ನು ಅಡ್ಡಕ್ಕೆ, ಬಾಲ ಗಾಳಿಯಲ್ಲಿ, ತಕ್ಕಡಿಯ ಹಾಗೆ.

ವೆಲೋಸಿರಾಪ್ಟರ್‌ಗೆ ಗರಿ ಇರಬೇಕು. ಮಂಗೋಲಿಯಾದಲ್ಲಿ ಸಿಕ್ಕ ಅದರ ಮುಂಗೈ ಮೂಳೆಯಲ್ಲಿ ಗರಿ ಕೂರುವ ಗುಬಟುಗಳಿರುವುದು 2007ರಲ್ಲಿ ಗೊತ್ತಾಯಿತು. ಆದರೂ ಬಿಲ್ಲೆಗಳ ಮೇಲೆ ಅದು ಇನ್ನೂ ಬೋಳು ಮೈಯಲ್ಲೇ ಓಡಾಡುತ್ತದೆ. ಗಾತ್ರದಲ್ಲಿ ಅದು ಒಂದು ಟರ್ಕಿ ಕೋಳಿಯಷ್ಟು, ಅಂದರೆ ಯಾರೂ ಕೊಳ್ಳುವುದಿಲ್ಲವೇನೋ!

ಸ್ಟೆಗೋಸಾರಸ್ ಮತ್ತು ಟೈರನೋಸಾರಸ್ ಒಂದೇ ಬಿಲ್ಲೆಯಲ್ಲಿ ಜಗಳಕ್ಕೆ ನಿಂತಿದ್ದರೆ ನಕ್ಕುಬಿಡಿ. ಮೊದಲನೆಯದು ಸುಮಾರು 15 ಕೋಟಿ ವರ್ಷದ ಹಿಂದಿನದು. ಎರಡನೆಯದು ಬಂದದ್ದು ಅದಾಗಿ 8 ಕೋಟಿ ವರ್ಷದ ಮೇಲೆ. ಟೈರನೋಸಾರಸ್‌ಗೆ ಕಾಲದ ಲೆಕ್ಕದಲ್ಲಿ ಸ್ಟೆಗೋಸಾರಸ್‌ಗಿಂತ ನಾವೇ ಹತ್ತಿರದವರು. ಇನ್ನು ಸ್ಟೆಗೋಸಾರಸ್ ಕಾಲಬುಡದಲ್ಲಿ ಹುಲ್ಲು ಕಂಡರೆ ಅದೂ ತಪ್ಪು, ಆಗಿನ ಕಾಲದ ಹುಲ್ಲಿನ ಕುರುಹು ಯಾರಿಗೂ ಸಿಕ್ಕಿಲ್ಲ. ಕೊನೆಗಾಲದ ಡೈನೋಸಾರ್ ಹುಲ್ಲು ತಿನ್ನುತ್ತಿದ್ದವು ಅನ್ನುವುದಕ್ಕೆ ಸಾಕ್ಷಿ ಸಿಕ್ಕಿದ್ದು ನಮ್ಮ ನೆರೆಯ ಮಹಾರಾಷ್ಟ್ರದ ಪಿಸ್ದುರಾದಲ್ಲಿ. ಅಲ್ಲಿನ ಕಲ್ಲಾದ ಲದ್ದಿಯೊಳಗೆ ಹುಲ್ಲಿನ ಕಣಗಳಿವೆ ಅಂತ 2005ರಲ್ಲಿ ವರದಿಯಾಯಿತು.

ಟೆರಾಡಾಕ್ಟೈಲ್ ಬಿಲ್ಲೆ ಇದೆಯಾ ನಿಮ್ಮ ಹತ್ರ?

ಇದೆ. ಆದರೆ ಅದು ಡೈನೋಸಾರ್ ಅಲ್ಲ, ಹಾರುವ ಸರೀಸೃಪಗಳ ಬೇರೆಯದೇ ಗುಂಪು. ಈಜುವ ಪ್ಲೀಸಿಯೋಸಾರ್ ಕೂಡ ಅಲ್ಲ. ಬೆನ್ನ ಮೇಲೆ ಪಟ ಕಟ್ಟಿಕೊಂಡ ಡೈಮೆಟ್ರೋಡಾನ್ ಅಂತೂ ಡೈನೋಸಾರ್ ಹುಟ್ಟುವ ಮೊದಲೇ ಹೋದದ್ದು, ಅದು ಸಸ್ತನಿಗಳ ಕಡೆಯ ನೆಂಟ. 'ಡೈನೋಸಾರ್ ಸರಣಿ' ಅಂತ ಮಾರುವವರು ಎಲ್ಲವನ್ನೂ ಒಂದೇ ಡಬ್ಬಿಗೆ ಹಾಕುತ್ತಾರೆ. ನಾನೂ ಹಾಕಿದ್ದೇನೆ.

ಸರ್ಕಾರಗಳು ಡೈನೋಸಾರ್ ನಾಣ್ಯ ಮಾಡಿಲ್ವಾ?

ಮಾಡಿವೆ. ಬ್ರಿಟನ್ನಿನ ರಾಯಲ್ ಮಿಂಟ್ 2020ರಲ್ಲಿ ಮೂರು 50 ಪೆನ್ಸ್ ನಾಣ್ಯ ತಂದಿತು: ಮೆಗಲೋಸಾರಸ್, ಇಗ್ವಾನೊಡಾನ್, ಹೈಲಿಯೋಸಾರಸ್. ಈ ಮೂರೇ ಯಾಕೆ ಅಂದರೆ, 1842ರಲ್ಲಿ ರಿಚರ್ಡ್ ಓವನ್ 'ಡೈನೋಸಾರಿಯಾ' ಅನ್ನುವ ಹೆಸರು ಕಟ್ಟಿದ್ದು ಈ ಮೂರನ್ನು ಮುಂದಿಟ್ಟುಕೊಂಡು. ಚಿತ್ರ ಬರೆದವರು ರಾಬರ್ಟ್ ನಿಕೋಲ್ಸ್. ಬೆಳ್ಳಿಯಲ್ಲೂ ಬಂದಿವೆ. ಕೆನಡಾ 2012ರಲ್ಲಿ ಇನ್ನೊಂದು ತಮಾಷೆ ಮಾಡಿತು. 25 ಸೆಂಟ್ ನಾಣ್ಯದ ಮೇಲೆ ಪಾಕಿರೈನೋಸಾರಸ್ ಅನ್ನುವ ಪ್ರಾಣಿ. ದೀಪ ಆರಿಸಿದರೆ ಅದರ ಅಸ್ಥಿಪಂಜರ ಮಾತ್ರ ಹೊಳೆಯುತ್ತದೆ! ಅದು ಬೆಳ್ಳಿಯದಲ್ಲ, ಆದರೂ ಒಂದು ಸಲ ಕತ್ತಲೆ ಕೋಣೆಯಲ್ಲಿ ನೋಡಬೇಕು.

ನಮ್ಮ ಭಾರತದ ಡೈನೋಸಾರ್ ಇರೋ ಬಿಲ್ಲೆ ಸಿಗುತ್ತಾ? ಕರ್ನಾಟಕದ್ದು?

ನನ್ನ ಕೈಗೆ ಇನ್ನೂ ಬಂದಿಲ್ಲ. ಬರಬೇಕು ಅಂತ ಆಸೆ. ಗುಜರಾತಿನ ರಾಜಾಸಾರಸ್ ನರ್ಮದೆನ್ಸಿಸ್, 2003ರಲ್ಲಿ ಹೆಸರು ಪಡೆದದ್ದು, ತಲೆ ಮೇಲೆ ಒಂದು ಗಿಡ್ಡ ಕೊಂಬು. ಹೈ ರಿಲೀಫ್‌ಗೆ ಹೇಳಿ ಮಾಡಿಸಿದಂತಿದೆ. ತೆಲಂಗಾಣದಲ್ಲಿ ಸಿಕ್ಕ ಬಾರಾಪಾಸಾರಸ್ ಟ್ಯಾಗೋರೈ, ಕವಿ ಟಾಗೋರರ ಹೆಸರು ಹೊತ್ತದ್ದು, ಅದರ ಅಸ್ಥಿಪಂಜರ ಕೋಲ್ಕತ್ತಾದ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯಲ್ಲಿ ನಿಂತಿದೆ.

ಕರ್ನಾಟಕದ ಕಷ್ಟ ಏನೆಂದರೆ ನಮ್ಮ ಬಹುಪಾಲು ಕಲ್ಲು ತೀರಾ ಹಳೆಯದು. ಲಾಲ್‌ಬಾಗ್ ಬಂಡೆಗೆ ಸುಮಾರು 300 ಕೋಟಿ ವರ್ಷ. ಡೈನೋಸಾರ್ ಅದರ ಮುಂದೆ ನಿನ್ನೆ ಮೊನ್ನೆಯ ಕೂಸು.

## ಕೊಳ್ಳುವಾಗ

'100 ಮಿಲ್ಸ್ .999' ಅಂತ ಇದೆ, ತುಂಬಾ ಅಗ್ಗ. ತಗೊಳ್ಳಲಾ?

ಬೇಡ. ಅದರೊಳಗೆ ಬೆಳ್ಳಿ ಹೆಸರಿಗೆ ಮಾತ್ರ. ತಾಮ್ರ ಅಥವಾ ಹಿತ್ತಾಳೆಯ ಬಿಲ್ಲೆಗೆ ತೆಳ್ಳಗೆ ಬೆಳ್ಳಿ ನೀರು ಕುಡಿಸಿರುತ್ತಾರೆ. 'ಮಿಲ್ಸ್' ಅನ್ನುವ ಪದ ಆ ಲೇಪಕ್ಕೆ. .999 ಅನ್ನುವುದೂ ಸುಳ್ಳಲ್ಲ, ಲೇಪ ಶುದ್ಧವಾಗಿರುತ್ತದೆ. ನಾನು ಹೊಸಬನಿದ್ದಾಗ ಒಂದು ಭಾನುವಾರದ ಸಂತೆಯಲ್ಲಿ ಇಂಥದ್ದೇ ಟೈರನೋಸಾರಸ್ ತಂದೆ. ಮನೆಗೆ ಬಂದು ಕನ್ನಡಕ ಹಾಕಿಕೊಂಡು ಅಂಚಿನ ಚಿಕ್ಕ ಅಕ್ಷರ ಓದಿದೆ. ಮಾರಿದವನು ಒಂದೂ ಸುಳ್ಳು ಹೇಳಿರಲಿಲ್ಲ. ನಾನೇ ಓದಿರಲಿಲ್ಲ.

'1 ಟ್ರಾಯ್ ಔನ್ಸ್ .999 ಫೈನ್ ಸಿಲ್ವರ್' ಅಂತ ತೂಕ, ಶುದ್ಧತೆ, ಲೋಹದ ಹೆಸರು ಮೂರೂ ಒಟ್ಟಿಗೆ ಇರಬೇಕು. 'ಸಿಲ್ವರ್ ಕ್ಲಾಡ್', 'ಪ್ಲೇಟೆಡ್' ಅಂತಿದ್ದರೆ ಲೇಪ. 'ಜರ್ಮನ್ ಸಿಲ್ವರ್' ಅನ್ನುವುದರಲ್ಲಿ ಬೆಳ್ಳಿ ಇಲ್ಲವೇ ಇಲ್ಲ, ಅದು ತಾಮ್ರ, ನಿಕ್ಕಲ್, ಸತುವಿನ ಬೆರಕೆ.

ಅಸಲಿನಾ ನಕಲಿನಾ ಅಂತ ಮನೇಲೇ ನೋಡಬಹುದಾ?

ಮುಕ್ಕಾಲು ಪಾಲು ನೋಡಬಹುದು. ಎಲ್ಲರೂ ಮೊದಲು ಹೇಳುವುದು ಅಯಸ್ಕಾಂತ. ಅಂಟಿಕೊಂಡರೆ ಬೆಳ್ಳಿ ಅಲ್ಲ, ಅಷ್ಟು ಖಂಡಿತ. ಅಂಟದಿದ್ದರೆ? ತಾಮ್ರಕ್ಕೂ ಅಂಟುವುದಿಲ್ಲ. ಮಂಜುಗಡ್ಡೆ ಇಟ್ಟು ಬೇಗ ಕರಗುತ್ತಾ ನೋಡಿ ಅನ್ನುತ್ತಾರೆ. ಎಲ್ಲ ಲೋಹಗಳಿಗಿಂತ ಬೆಳ್ಳಿಯಲ್ಲಿ ಶಾಖ ಬೇಗ ಹರಿಯುತ್ತದೆ, ನಿಜ. ಆದರೆ ತಾಮ್ರವೂ ಅದರ ಬೆನ್ನಿಗೇ ಇದೆ. ಈ ಎರಡು ಆಟದಲ್ಲಿ ತಾಮ್ರದ ನಕಲು ಪಾಸಾಗಿಬಿಡುತ್ತದೆ.

ನಂಬಬೇಕಾದ್ದು ನೀರಿನ ಲೆಕ್ಕ. 0.01 ಗ್ರಾಂ ತನಕ ತೋರಿಸುವ ಚಿಕ್ಕ ತಕ್ಕಡಿ ಬೇಕು. ಮೊದಲು ಬಿಲ್ಲೆಯನ್ನು ಒಣಗಿದಂತೆಯೇ ತೂಗಿ, 31.1 ಬರಬೇಕು. ಆಮೇಲೆ ತಕ್ಕಡಿಯ ಮೇಲೆ ಒಂದು ಲೋಟ ನೀರಿಟ್ಟು ಸೊನ್ನೆ ಮಾಡಿ. ಬಿಲ್ಲೆಯನ್ನು ಸಣ್ಣ ದಾರಕ್ಕೆ ಕಟ್ಟಿ, ಪೂರ್ತಿ ಮುಳುಗುವಂತೆ, ತಳ ಬದಿ ಯಾವುದೂ ತಾಗದಂತೆ ಇಳಿಬಿಡಿ. ಬೆಳ್ಳಿಯಾದರೆ ತಕ್ಕಡಿ 2.96ರ ಆಸುಪಾಸು ತೋರಿಸುತ್ತದೆ. ಅಷ್ಟೇ ತೂಕದ ತಾಮ್ರವಾದರೆ 3.47, ಸೀಸವಾದರೆ 2.74. 31.1ನ್ನು ಬಂದ ಸಂಖ್ಯೆಯಿಂದ ಭಾಗಿಸಿ, 10.49 ಹತ್ತಿರ ಬಂದರೆ ನೆಮ್ಮದಿ. ಬಿಲ್ಲೆಗೆ ಗಾಳಿಗುಳ್ಳೆ ಅಂಟಿಕೊಂಡಿದ್ದರೆ ಲೆಕ್ಕ ತಪ್ಪುತ್ತದೆ, ದಾರ ಸ್ವಲ್ಪ ಅಲ್ಲಾಡಿಸಿ. ಮುಗಿದ ಮೇಲೆ ಮೆತ್ತನೆ ಬಟ್ಟೆಯಲ್ಲಿ ಒತ್ತಿ ಒಣಗಿಸಿ, ಉಜ್ಜಬೇಡಿ.

ತಕ್ಕಡಿ ಇಲ್ಲದಿದ್ದರೆ ಅಳತೆ ನೋಡಿ. ಮಾಮೂಲಿ ಒಂದು ಔನ್ಸ್ ಬಿಲ್ಲೆ ಅಡ್ಡಳತೆ 39 ಮಿಲಿಮೀಟರ್. ಬೆಳ್ಳಿಯದು ಸರಾಸರಿ ಎರಡೂವರೆ ಮಿಲಿಮೀಟರ್ ದಪ್ಪ. ಅದೇ ತೂಕ, ಅದೇ ಅಗಲದ ತಾಮ್ರ ಹೆಚ್ಚು ಕಡಿಮೆ 3 ಮಿಲಿಮೀಟರ್. ಪಕ್ಕದಲ್ಲಿ ಅಸಲಿ ಬಿಲ್ಲೆ ಇಟ್ಟರೆ ಕಣ್ಣಿಗೇ ಗೊತ್ತಾಗುತ್ತದೆ.

'ಲಿಮಿಟೆಡ್ ಎಡಿಷನ್' ಅಂತಾರೆ. ಮುಂದೆ ಬೆಲೆ ಏರುತ್ತಾ?

ಎಷ್ಟು ಮಾಡಿದ್ದೇವೆ ಅಂತ ಸಂಖ್ಯೆ ಹೇಳಿದ್ದಾರಾ? ಬಿಲ್ಲೆಯ ಮೇಲೆ ಕ್ರಮಸಂಖ್ಯೆ ಇದೆಯಾ? ಎರಡೂ ಇಲ್ಲದಿದ್ದರೆ 'ಲಿಮಿಟೆಡ್' ಅನ್ನುವುದು ಬರೀ ಅಲಂಕಾರದ ಮಾತು. ಸಂಖ್ಯೆ ಇದ್ದರೂ, ಬೇಕು ಅನ್ನುವವರು ಅದಕ್ಕಿಂತ ಕಡಿಮೆ ಇದ್ದರೆ ಬೆಲೆ ಏರುವುದಿಲ್ಲ. ಸರಣಿಯಲ್ಲಿ ಮೊದಲನೆಯ ಬಿಲ್ಲೆಗೆ ಮಾತ್ರ ಕೆಲವು ಸಲ ಗಿರಾಕಿ ಜಾಸ್ತಿ ಇರುತ್ತಾರೆ. ಮಧ್ಯದಲ್ಲಿ ಸೇರಿಕೊಂಡವರು ಸೆಟ್ ಪೂರ್ತಿ ಮಾಡಬೇಕು ಅಂತ ಹುಡುಕುತ್ತಾರಲ್ಲ, ಅದಕ್ಕೆ.

ಮಗನಿಗೆ ಡೈನೋಸಾರ್ ಹುಚ್ಚು. ಹುಟ್ಟುಹಬ್ಬಕ್ಕೆ ಕೊಡಬಹುದಾ?

ತಾಮ್ರದ್ದು ಕೊಡಿ. ಅದೇ ಅಚ್ಚು, ಬೆಲೆ ಎಷ್ಟೋ ಪಾಲು ಕಡಿಮೆ. ಜೇಬಲ್ಲಿಟ್ಟುಕೊಂಡು ಓಡಾಡಲಿ, ಗೆಳೆಯರಿಗೆ ತೋರಿಸಲಿ. ತಾಮ್ರದ್ದು ಹೆಚ್ಚಾಗಿ ದಿನಸಿ ಔನ್ಸ್, 28.35 ಗ್ರಾಂ ತೂಗುತ್ತದೆ, ಗಾಬರಿ ಬೀಳಬೇಡಿ. ತೀರಾ ಚಿಕ್ಕ ಮಕ್ಕಳಿಗೆ ಮಾತ್ರ ಬೇಡ, ಬಾಯಿಗೆ ಹಾಕಿಕೊಳ್ಳುತ್ತವೆ.

## ಇಟ್ಟುಕೊಳ್ಳುವಾಗ

ಕಪ್ಪಾಗಿದೆ. ವಿಭೂತಿ ಹಾಕಿ ತಿಕ್ಕಬಹುದಾ?

ದಯವಿಟ್ಟು ಬೇಡ. ನಮ್ಮ ಮನೆಯಲ್ಲಿ ಆದದ್ದು ಹೇಳುತ್ತೇನೆ. ವರಮಹಾಲಕ್ಷ್ಮಿ ಹಬ್ಬಕ್ಕೆ ಎರಡು ದಿನ ಇತ್ತು. ಅಮ್ಮ ಬೆಳ್ಳಿ ಸಾಮಾನೆಲ್ಲ ಹೊರಗೆ ಹಾಕಿಕೊಂಡು ಹುಣಸೆಹಣ್ಣು, ವಿಭೂತಿ ಹಿಡಿದು ಕೂತಿದ್ದರು. ನನ್ನ ಮೇಜಿನ ಮೇಲೆ ಆಂಟಿಕ್ ಮಾಡಿದ ಟ್ರೈಸೆರಾಟಾಪ್ಸ್ ಇತ್ತು, ಎರಡು ಔನ್ಸಿನದ್ದು. ಸಂಜೆ ಬಂದು ನೋಡಿದರೆ ದೇವರ ಮನೆಯಲ್ಲಿ, ಕುಂಕುಮದ ಬಟ್ಟಲಿನ ಪಕ್ಕ, ಫಳಫಳ ಹೊಳೆಯುತ್ತಾ ಕೂತಿದೆ. ಕೊರಳ ಸುತ್ತಿನ ಗೆರೆಗಳಲ್ಲಿದ್ದ ಕಪ್ಪೆಲ್ಲ ಹೋಗಿ ಮುಖ ತೊಳೆದ ಎಮ್ಮೆಕರುವಿನ ಹಾಗೆ ಆಗಿತ್ತು. "ಎಷ್ಟು ಕಪ್ಪಗಾಗಿತ್ತು ಕಣೋ, ನಿಂಗೆ ನೋಡ್ಕೊಳೋಕೆ ಬರಲ್ಲ" ಅಂದರು. ಏನು ಹೇಳಲಿ? ಹಬ್ಬ ಮುಗಿಯೋ ತನಕ ಅಲ್ಲೇ ಇತ್ತು.

ಮಾಮೂಲಿ ಬಿಲ್ಲೆ ಕಪ್ಪಾಗುವುದು ಗಾಳಿಯಲ್ಲಿನ ಗಂಧಕದಿಂದ. ಮೇಲೊಂದು ತೆಳು ಪದರ ಬರುತ್ತದೆ, ಅದು ತುಕ್ಕಲ್ಲ. ತಿಕ್ಕಿದರೆ ಪದರದ ಜೊತೆ ಸ್ವಲ್ಪ ಬೆಳ್ಳಿಯೂ ಹೋಗುತ್ತದೆ, ಮೇಲಾಗಿ ಸಾವಿರ ಸಣ್ಣ ಗೀರು ಬೀಳುತ್ತವೆ. ಕೊಳ್ಳುವವನು ಅದನ್ನೇ ಮೊದಲು ನೋಡುವುದು. ಕೆಲವು ಬಿಲ್ಲೆ ಕಪ್ಪಾಗುವ ಮೊದಲು ಜೇನು ಬಣ್ಣ, ನೇರಳೆ, ನವಿಲು ನೀಲಿಗೆ ತಿರುಗುತ್ತವೆ. ಅದನ್ನೇ ಹುಡುಕಿಕೊಂಡು ಜಾಸ್ತಿ ದುಡ್ಡು ಕೊಡುವವರಿದ್ದಾರೆ.

ಹಾಗಾದ್ರೆ ಎಲ್ಲಿ, ಹೇಗೆ ಇಡಬೇಕು?

ಗಟ್ಟಿ ಪ್ಲಾಸ್ಟಿಕ್ಕಿನ ದುಂಡು ಕ್ಯಾಪ್ಸೂಲ್ ಸಿಗುತ್ತದೆ, 39 ಮಿಲಿಮೀಟರಿನದ್ದು ಕೇಳಿ. ಹೈ ರಿಲೀಫ್‌ಗೆ ಆಳ ಜಾಸ್ತಿ ಇರುವುದು ಬೇಕು. ಬೋಳು ಬಿಲ್ಲೆಗಳಾದರೆ ಇಪ್ಪತ್ತು ಹಿಡಿಸುವ ಕೊಳವೆ ಸಾಕು. ಪಿವಿಸಿಯ ಮೆತ್ತನೆ ಆಲ್ಬಮ್ ಹಾಳೆ ಬೇಡ, ಕಾಲ ಕಳೆದಂತೆ ಹಸಿರು ಅಂಟು ಬಿಡುತ್ತದೆ. ರಬ್ಬರ್ ಬ್ಯಾಂಡ್ ಹಾಕಬೇಡಿ, ರಬ್ಬರಿನಲ್ಲಿ ಗಂಧಕ ಇರುತ್ತದೆ. ಪೇಪರಿನಲ್ಲಿ ಸುತ್ತಬೇಡಿ. ಮಂಗಳೂರು, ಉಡುಪಿ ಕಡೆಯವರು ಡಬ್ಬಿಯೊಳಗೆ ಸಿಲಿಕಾ ಜೆಲ್ ಪೊಟ್ಟಣ ಹಾಕಿಡಿ, ಮಳೆಗಾಲ ಶುರುವಾಗುವಾಗ ಬದಲಾಯಿಸಿ. ಮುಟ್ಟುವಾಗ ಅಂಚು ಹಿಡಿದು ಎತ್ತಿ.

ಹಾಲು ಚೆಲ್ಲಿದ ಹಾಗೆ ಬಿಳಿ ಚುಕ್ಕೆ ಬಂದಿದೆ. ಏನು ಮಾಡೋದು?

ಏನೂ ಮಾಡುವ ಹಾಗಿಲ್ಲ. ಇಂಗ್ಲಿಷಿನಲ್ಲೂ ಅದಕ್ಕೆ ಹಾಲಿನ ಚುಕ್ಕೆ ಅಂತಲೇ ಹೆಸರು. ಬಿಲ್ಲೆ ತೊಳೆದ ರಾಸಾಯನಿಕ ಪೂರ್ತಿ ಹೋಗದೆ ಕಚ್ಚಿಕೊಂಡದ್ದು ಕಾರಣ ಅನ್ನುತ್ತಾರೆ. ಬೆಳ್ಳಿಯ ಬೆಲೆಗೆ ಅದರಿಂದ ತೊಂದರೆ ಇಲ್ಲ.

## ತರುವುದು, ತೆರಿಗೆ, ಮಾರುವುದು

ಅಮೆರಿಕದಿಂದ ಬರುವಾಗ ನಾಲ್ಕು ಬಿಲ್ಲೆ ಜೇಬಲ್ಲಿ ಹಾಕ್ಕೊಂಡು ಬರಬಹುದಲ್ವಾ?

ತರಬಹುದು, ಆದರೆ ಹೇಳಿ ತರಬೇಕು. ಆಭರಣ ಅಲ್ಲದ ಬೆಳ್ಳಿ, ಅಂದರೆ ಗಟ್ಟಿ, ನಾಣ್ಯ, ಬಿಲ್ಲೆ, ಪ್ರಯಾಣಿಕರಿಗಿರುವ ಸುಂಕ ವಿನಾಯಿತಿಯ ಮಿತಿಯಲ್ಲಿ ಸೇರುವುದಿಲ್ಲ. ರಶೀದಿ ಜೊತೆಗಿಟ್ಟುಕೊಂಡು ಕೆಂಪು ಚಾನೆಲ್‌ನಲ್ಲಿ ತೋರಿಸಿ, ಸುಂಕ ಕಟ್ಟಿ. ದರ ಆಗಾಗ ಬದಲಾಗುತ್ತದೆ. 2024ರ ಜುಲೈ ಬಜೆಟ್ಟಿನಲ್ಲಿ ಬೆಳ್ಳಿಯ ಮೇಲಿನ ಸುಂಕ ಶೇಕಡಾ 15ರಿಂದ 6ಕ್ಕೆ ಇಳಿದಿತ್ತು. ಹೊರಡುವ ವಾರ ಕಸ್ಟಮ್ಸ್ ಇಲಾಖೆಯ ಜಾಲತಾಣ ನೋಡಿಕೊಳ್ಳಿ. ಎಕ್ಸ್‌ರೇಯಲ್ಲಿ ಬಿಲ್ಲೆಗಳ ಕೊಳವೆ ಕಪ್ಪಗೆ ಕಾಣುತ್ತದೆ, ಬ್ಯಾಗ್ ತೆಗೆಸುತ್ತಾರೆ. ಕೈಚೀಲದಲ್ಲೇ ಇಡಿ, ಕೇಳಿದರೆ ತೋರಿಸಿ.

ಮಾರಿದ್ರೆ ತೆರಿಗೆ ಎಷ್ಟು?

ಭಾರತದಲ್ಲಿ ಎರಡು ವರ್ಷಕ್ಕಿಂತ ಜಾಸ್ತಿ ಇಟ್ಟುಕೊಂಡು ಮಾರಿದರೆ ಲಾಭಕ್ಕೆ ಶೇಕಡಾ 12.5. ಇದು 2024ರ ಜುಲೈ 23ರಿಂದ ಬಂದ ಲೆಕ್ಕ. ಎರಡು ವರ್ಷದೊಳಗೇ ಮಾರಿದರೆ ನಿಮ್ಮ ಆದಾಯದ ಸ್ಲ್ಯಾಬ್ ಪ್ರಕಾರ. ಅಮೆರಿಕದಲ್ಲಿ ತೆರಿಗೆ ಕಟ್ಟುವವರಾದರೆ, ಅಲ್ಲಿ ಬೆಳ್ಳಿ 'ಸಂಗ್ರಹದ ವಸ್ತು' ಲೆಕ್ಕಕ್ಕೆ ಬರುತ್ತದೆ. ಒಂದು ವರ್ಷ ದಾಟಿದ ಮೇಲಿನ ಲಾಭಕ್ಕೆ ಹೆಚ್ಚೆಂದರೆ ಶೇಕಡಾ 28. ಷೇರಿಗಿಂತ ಜಾಸ್ತಿ. ಕೊಳ್ಳುವಾಗಿನ ಮಾರಾಟ ತೆರಿಗೆ ಅಲ್ಲಿ ರಾಜ್ಯದಿಂದ ರಾಜ್ಯಕ್ಕೆ ಬೇರೆ.

ನಮ್ಮೂರ ಬೆಳ್ಳಿ ಅಂಗಡಿಯವರು ಇದನ್ನ ತಗೊಳ್ತಾರಾ?

ತಗೊಳ್ಳುತ್ತಾರೆ, ಬೆಳ್ಳಿ ಅಂತ. ಡೈನೋಸಾರ್ ಅಂತ ಅಲ್ಲ. ಪ್ರೀಮಿಯಂ ಕೊಟ್ಟದ್ದು ವಾಪಸ್ ಬೇಕು ಅಂದರೆ ಇನ್ನೊಬ್ಬ ಸಂಗ್ರಹಕಾರನನ್ನೇ ಹುಡುಕಬೇಕು, ಅವನು ಹೆಚ್ಚಾಗಿ ಅಮೆರಿಕದಲ್ಲೇ ಇರುತ್ತಾನೆ. ಅಲ್ಲೂ ಅಂಗಡಿಗೆ ಒಯ್ದರೆ ಸ್ಪಾಟ್ ಬೆಲೆ, ಇಲ್ಲವೇ ಅದಕ್ಕಿಂತ ಸ್ವಲ್ಪ ಕಡಿಮೆ.

ರೇಟ್ ತಿಳಿಯೋಣ ಅಂತ ಒಂದು ಸಲ ಆ ಮೂರು ಬೆರಳಿನ ಟೈರನೋಸಾರಸ್ ಹಿಡಿದು ಪೇಟೆಯ ಅಂಗಡಿಗೆ ಹೋದೆ. ಯಜಮಾನರು ಕ್ಯಾಪ್ಸೂಲಿನಿಂದ ತೆಗೆದು, ತಿರುಗಿಸಿ ನೋಡಿದರು.

"ಏನ್ ಸಾರ್ ಇದು, ಹಲ್ಲಿನಾ?"

"ಡೈನೋಸಾರ್."

"ಓ." ತಕ್ಕಡಿಗೆ ಹಾಕಿದರು. 31 ಗ್ರಾಂ, ಮೇಲಿನ ಪುಡಿ ಲೆಕ್ಕಕ್ಕಿಲ್ಲ. "ಹುಡುಗಾ, ಕತ್ತರಿ ತಾರೋ. ಒಳಗೆ ನೋಡ್ಬೇಕಲ್ಲ, ಒಂದು ಚೂರು ಕಟ್ ಮಾಡ್ತೀನಿ. ಬಾಲದ ಕಡೆ ಮಾಡ್ಲಾ, ತಲೆ ಕಡೆ ಮಾಡ್ಲಾ?"

ನಾನು ಬಿಲ್ಲೆ ಎತ್ತಿಕೊಂಡು, ಅದರ ಬದಲು ಹತ್ತು ಗ್ರಾಮಿನ ಒಂದು ಲಕ್ಷ್ಮಿ ಕೊಂಡು ಮನೆಗೆ ಬಂದೆ.